ಶುಂಠಿ ಬಿಯರ್ ಬಾಟಲಿಯಲ್ಲಿ ಎಷ್ಟು ದಿನ ಕಾಯಬೇಕು?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಸಾಕುವ ಮನೆ. ಮೆಲ್ಬರ್ನ್‌ನಲ್ಲಿರುವ ನನ್ನ ತಮ್ಮ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅವನನ್ನು ಕೇಳಿಕೊಂಡು ನಾನು ಮಕ್ಕಳಿಗೆಂದು ಶುಂಠಿ ಬಿಯರ್ ಮಾಡಿದೆ. ಶುಂಠಿ ತುರಿ, ಸಕ್ಕರೆ, ನೀರು ಸೇರಿಸಿ ಇಟ್ಟ ಹೆಪ್ಪು ಐದು ದಿನಕ್ಕೆ ನೊರೆಯೆದ್ದಿತು. ಅದನ್ನು ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿದ ಶುಂಠಿ ಕಷಾಯಕ್ಕೆ ಬೆರೆಸಿ, ಖಾಲಿ ಶರಬತ್ತಿನ ಗಾಜಿನ ಬಾಟಲಿಗಳಿಗೆ ತುಂಬಿ, ಅಡುಗೆಮನೆಯ ಅಟ್ಟದ ಮೇಲಿಟ್ಟೆ. ‘ಎರಡು ವಾರ ಮುಟ್ಟಬೇಡ ಅಕ್ಕಾ’ ಎಂದಿದ್ದ. ಆರನೆಯ ರಾತ್ರಿ ಒಂದು ಬಾಟಲಿ ಸಿಡಿಯಿತು. ಬೆಳಿಗ್ಗೆ ಎರಡನ್ನು ತೆರೆದೆ. ಒಂದರಲ್ಲಿ ಗ್ಯಾಸೇ ಇರಲಿಲ್ಲ, ಇನ್ನೊಂದು ಉಕ್ಕಿ ಅರ್ಧ ನೆಲದ ಪಾಲಾಯಿತು. ಇನ್ನೂ ಐದು ಬಾಟಲಿ ಅಟ್ಟದ ಮೇಲಿವೆ. ನಿಜಕ್ಕೂ ಎಷ್ಟು ದಿನ ಕಾಯಬೇಕು? ನೆರೆಮನೆಯವರ ಬಳಿ ಹಳೆಯ ಗೋಲಿ ಸೋಡಾ ಬಾಟಲಿಗಳಿವೆ, ಅವು ಆಗುತ್ತವೆಯೇ? ‘ಬಿಟ್ಟರೆ ಹೆಂಡ ಆಗುತ್ತದೆ’ ಎಂದು ನಮ್ಮ ಅತ್ತೆ ಹೇಳುತ್ತಿದ್ದಾರೆ. ತಮ್ಮ ಮುಂದಿನ ಸಲ ಬರುವಾಗ ಬಿಯರ್ ಮಾಡುವ ಕಿಟ್ಟನ್ನೇ ತರುತ್ತೇನೆ ಎನ್ನುತ್ತಾನೆ. ತರಿಸಿಕೊಳ್ಳಲೇ?

ಉತ್ತರ: ಎರಡು ವಾರದ ಮಾತು ಆಮೇಲೆ ಆಡೋಣ. ಮೊದಲು ಅಟ್ಟದ ಮೇಲಿರುವ ಆ ಐದು ಬಾಟಲಿಗಳನ್ನು ಇಳಿಸಿ. ಒಂದು ಸಿಡಿದಿದೆ ಎಂದರೆ ಉಳಿದವೂ ಅದೇ ಹಾದಿಯಲ್ಲಿವೆ ಎಂದೇ ತಿಳಿಯಬೇಕು. ಹಗಲು ಏರಿದಂತೆ ಒಳಗಿನ ಒತ್ತಡವೂ ಏರುತ್ತದೆ, ಆದ್ದರಿಂದ ಈ ಕೆಲಸಕ್ಕೆ ಬೆಳಗಿನ ಜಾವವೇ ಸರಿ. ಮಕ್ಕಳು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ತುಂಬು ತೋಳಿನ ದಪ್ಪ ಅಂಗಿ ತೊಡಿ, ಬೈಕಿನ ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿಕೊಳ್ಳಿ. ನಗುವವರು ನಗಲಿ. ಬಾಟಲಿಗಳ ಮೇಲೆ ಒದ್ದೆ ಗೋಣಿಚೀಲ ಹಾಕಿ, ಗೋಣಿ ಸಮೇತ ಒಂದೊಂದನ್ನೇ ಹಿಡಿದು, ಅಲುಗಿಸದೆ ಬಕೆಟ್ಟಿಗೆ ಇಳಿಸಿ. ಫ್ರಿಜ್ಜಿನ ಒಂದು ತಟ್ಟೆ ತೆಗೆದರೆ ಬಕೆಟ್ ಹಾಗೆಯೇ ಒಳಗೆ ಹಿಡಿಯುತ್ತದೆ. ಒಂದು ದಿನ ಪೂರ್ತಿ ತಣ್ಣಗಾಗಲಿ. ಆಮೇಲೂ ಗೋಣಿಯ ಸುತ್ತನ್ನು ಬಿಚ್ಚದೆ, ಬಾಯಿಯನ್ನು ಮುಖದಿಂದ ಆಚೆಗೆ ತಿರುಗಿಸಿ, ಮುಚ್ಚಳವನ್ನು ಒಂದೆಳೆಯಷ್ಟು ಸಡಿಲಿಸಿ. ಉಸ್ಸೆಂದ ಕೂಡಲೇ ಮತ್ತೆ ಬಿಗಿ ಮಾಡಿ, ಸ್ವಲ್ಪ ತಡೆದು ಮತ್ತೆ ಸಡಿಲಿಸಿ. ಸದ್ದು ಪೂರ್ತಿ ನಿಂತ ಮೇಲಷ್ಟೇ ಮುಚ್ಚಳ ತೆಗೆಯಬೇಕು. ಆ ಬಾಟಲಿಗಳಿಗೆ ಮತ್ತೆಂದೂ ಹುದುಗುವ ಪಾನೀಯ ತುಂಬಬೇಡಿ. ಶರಬತ್ತಿನ ಬಾಟಲಿ ಒತ್ತಡ ತಾಳಲೆಂದು ಮಾಡಿದ ಬಾಟಲಿಯಲ್ಲ.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಅವರು ತಪ್ಪು ಹೇಳಲಿಲ್ಲ. ಬಿಯರಿಗೆ ಆ ಎರಡು ವಾರ ಸರಿಯಾದ ಲೆಕ್ಕವೇ, ಎಷ್ಟೋ ಸಲ ಮೂರು ವಾರವೂ ಬೇಕಾಗುತ್ತದೆ. ಆದರೆ ಬಿಯರ್ ಬಾಟಲಿಯೊಳಗೆ ನಡೆಯುವ ಕೆಲಸವೇ ಬೇರೆ, ನಿಮ್ಮ ಶುಂಠಿಯ ಬಾಟಲಿಯೊಳಗೆ ನಡೆದದ್ದೇ ಬೇರೆ.

ಬಿಯರ್ ಮಾಡುವವರು ಬಾಟಲಿಗೆ ತುಂಬುವ ಮೊದಲೇ ದೊಡ್ಡ ಪಾತ್ರೆಯಲ್ಲಿ ಹುದುಗುವಿಕೆಯನ್ನು ಪೂರ್ತಿ ಮುಗಿಸುತ್ತಾರೆ. ಮೊಳಕೆ ಬಾರ್ಲಿಯಿಂದ ಬಂದ ಸಕ್ಕರೆಯಲ್ಲಿ ಯೀಸ್ಟ್ ಎಂಬ ಹುದುಗಿಸುವ ಸೂಕ್ಷ್ಮಜೀವಿ ತಿನ್ನಬಲ್ಲ ಭಾಗವೆಲ್ಲ ಅಲ್ಲಿಯೇ ಖರ್ಚಾಗುತ್ತದೆ. ಆಗ ಹುಟ್ಟಿದ ಗ್ಯಾಸ್ ಬಹುಪಾಲು ಗಾಳಿಗೆ ಹೋಗುತ್ತದೆ. ಉಳಿಯುವುದು ಸಪ್ಪೆ ಬಿಯರ್, ಅದರ ತುಂಬ ಹಸಿದ ಯೀಸ್ಟ್. ಬಾಟಲಿಗೆ ತುಂಬುವಾಗ ಅಳೆದು ತೂಗಿ ಒಂದು ಚೂರು ಸಕ್ಕರೆ ಕೊಡುತ್ತಾರೆ. ಯೀಸ್ಟ್ ಅದನ್ನು ತಿಂದು ಗ್ಯಾಸ್ ಬಿಡುತ್ತದೆ, ಮುಚ್ಚಳ ಬಿಗಿಯಾಗಿರುವುದರಿಂದ ಆ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ.

ಆ ಚೂರಿನ ಅಳತೆ ಹೀಗಿದೆ: ಸುಮಾರು 4 ಗ್ರಾಂ ಸಕ್ಕರೆಯಿಂದ ಒಂದು ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಸಾಮಾನ್ಯ ಬಿಯರಿನ ಪ್ರತಿ ಲೀಟರಿನಲ್ಲಿ ಎರಡೂವರೆ ಲೀಟರಿನಷ್ಟು ಗ್ಯಾಸ್ ಕರಗಿರುತ್ತದೆ. ಪಾತ್ರೆಯಲ್ಲಿ ಹುದುಗಿದಾಗಲೇ ಅದರಲ್ಲಿ ಮುಕ್ಕಾಲು ಲೀಟರಿನಷ್ಟು ಉಳಿದುಕೊಂಡಿರುತ್ತದೆ. ಇನ್ನು ಬೇಕಾದದ್ದು ಒಂದೂಮುಕ್ಕಾಲು, ಅಂದರೆ ಲೀಟರಿಗೆ ಆರೇಳು ಗ್ರಾಂ ಸಕ್ಕರೆ. ನಮ್ಮಲ್ಲಿ ಸಿಗುವ 650 ಮಿಲಿಲೀಟರ್ ಬಾಟಲಿಗಾದರೆ ಒಂದು ಚಹಾ ಚಮಚಕ್ಕಿಂತ ತುಸು ಹೆಚ್ಚು. ಇಷ್ಟನ್ನು ತಿಂದು ಮುಗಿಸಿದ ಮೇಲೆ ಯೀಸ್ಟಿಗೆ ಬೇರೆ ಆಹಾರವಿಲ್ಲ. ತಳಕ್ಕೆ ಇಳಿದು ಸುಮ್ಮನಾಗುತ್ತದೆ. ಹೀಗಾಗಿ ಬಿಯರ್ ಮಾಡುವವರು ಎರಡು ವಾರದ ಬದಲು ಎರಡು ತಿಂಗಳು ಮರೆತರೂ ಬಾಟಲಿಗೆ ಏನೂ ಆಗುವುದಿಲ್ಲ. ಅವರ ಕಾಯುವಿಕೆಗೆ ಕೊನೆಯನ್ನು ಸಕ್ಕರೆಯ ಅಳತೆಯೇ ಹಾಕಿಬಿಟ್ಟಿರುತ್ತದೆ.

ಗ್ಯಾಸ್ ತುಂಬುವುದಕ್ಕೆ ಅಷ್ಟು ದಿನ ಏಕೆ ಎಂದು ನೀವು ಕೇಳಬಹುದು. 20 ರಿಂದ 24 ಡಿಗ್ರಿಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಸುಮಾರಾಗಿ ಒಂದು ವಾರದಲ್ಲೇ ತಿಂದುಬಿಡಬಹುದು. ಆದರೆ ಆಗ ತೆರೆದರೆ ನೊರೆ ದೊಡ್ಡ ದೊಡ್ಡ ಗುಳ್ಳೆಗಳಾಗಿ ಎದ್ದು ಕ್ಷಣದಲ್ಲಿ ಕುಸಿಯುತ್ತದೆ, ಬಾಯಲ್ಲಿ ಎಳಸು ರುಚಿ. ಎಳೆ ಬಿಯರಿನಲ್ಲಿ ಹಸಿರು ಸೇಬಿನ ವಾಸನೆ ಕೊಡುವ ಅಸಿಟಾಲ್ಡಿಹೈಡ್ ಇರುತ್ತದೆ, ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಇರುತ್ತದೆ. ಎರಡೂ ಯೀಸ್ಟ್ ಕೆಲಸ ಮಾಡುವಾಗ ಹುಟ್ಟಿದವು. ಬಿಡುವು ಕೊಟ್ಟರೆ ಅದೇ ಯೀಸ್ಟ್ ಅವನ್ನು ಮತ್ತೆ ಒಳಗೆ ಎಳೆದುಕೊಂಡು ಬೇರೆ ವಸ್ತುವಾಗಿ ಮಾರ್ಪಡಿಸುತ್ತದೆ. ತುಂಬುವಾಗ ಸೇರಿದ ಅಲ್ಪಸ್ವಲ್ಪ ಆಮ್ಲಜನಕವನ್ನೂ ಅದು ಬಳಸಿಕೊಳ್ಳುತ್ತದೆ. ಬಾಟಲಿಯಲ್ಲಿ ಹದಕ್ಕೆ ಬರುವುದು ಎಂದರೆ ಇದೆಲ್ಲ. ಎರಡನೆಯ ವಾರ ಬೇಕಾಗುವುದು ಹೆಚ್ಚಾಗಿ ಈ ಶುಚಿ ಕೆಲಸಕ್ಕೆ.

ಈಗ ನಿಮ್ಮ ಬಾಟಲಿಯ ಲೆಕ್ಕ. ನೀವು ಲೀಟರಿಗೆ ಹಾಕಿದ್ದು 100 ಗ್ರಾಂ ಸಕ್ಕರೆ, ಹುದುಗುವ ಮೊದಲೇ ತುಂಬಿ ಮುಚ್ಚಿದಿರಿ. ಗ್ಯಾಸಿಗೆ ಬೇಕಾದದ್ದು ಅದರಲ್ಲಿ ಎಂಟೋ ಹತ್ತೋ ಗ್ರಾಂ. ಮಿಕ್ಕ ತೊಂಬತ್ತು ಗ್ರಾಂ ಯೀಸ್ಟಿನ ಎದುರಿಗೇ ಇದೆ. ಅಷ್ಟನ್ನೂ ತಿಂದರೆ ಲೀಟರಿಗೆ 25 ಲೀಟರಿನಷ್ಟು ಗ್ಯಾಸ್! ಎರಡೂವರೆ ಲೀಟರ್ ಗ್ಯಾಸ್ ಇರುವ ಬಾಟಲಿಯ ಒಳಗಿನ ಒತ್ತಡವೇ 20 ಡಿಗ್ರಿಯಲ್ಲಿ ಕಾರಿನ ಟೈರಿನ ಒತ್ತಡಕ್ಕೆ ಸಮೀಪ, 30 ದಾಟಿದರೆ ಅದಕ್ಕಿಂತ ಹೆಚ್ಚು. ದಪ್ಪ ಗಾಜಿನ ಶಾಂಪೇನ್ ಬಾಟಲಿಯೊಳಗೆ ಇರುವುದೂ ಸುಮಾರು ಆರು ವಾತಾವರಣದ ಒತ್ತಡ ಮಾತ್ರ. ಗ್ಯಾಸ್ ಇಪ್ಪತ್ತೈದು ಲೀಟರಿನ ಹತ್ತಿರ ಹೋಗುವ ತನಕ ಯಾವ ಗಾಜೂ ಉಳಿಯುವುದಿಲ್ಲ. ನಿಮ್ಮದು ಆರನೆಯ ರಾತ್ರಿಯೇ ಸಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಹಗಲೆಲ್ಲ ಒಲೆಯ ಬಿಸಿ ಏರಿ ಅಟ್ಟದ ಮೇಲೆ ನಿಂತಿರುತ್ತದೆ, ಅಡುಗೆಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ದಿನಗಳ ಲೆಕ್ಕದಲ್ಲಿ ಉತ್ತರ ಕೊಡಲು ನಾನು ಒಪ್ಪುವುದಿಲ್ಲ. ಬೇಸಿಗೆಯ 32 ಡಿಗ್ರಿಯಲ್ಲಿ ಒಂದೂವರೆ ದಿನಕ್ಕೇ ಬಾಟಲಿ ತಯಾರಾದೀತು. ಡಿಸೆಂಬರಿನಲ್ಲಿ ನಂದಿ ಬೆಟ್ಟದ ಕಡೆಯಿಂದ ಚಳಿ ಇಳಿಯುವ ದಿನಗಳಲ್ಲಿ ಅದೇ ಹೆಪ್ಪಿಗೆ ನಾಲ್ಕೈದು ದಿನ ಹಿಡಿದೀತು. ಬಿಯರಿನ ಬಾಟಲಿ ತಾನಾಗಿ ನಿಲ್ಲುತ್ತದೆ. ಶುಂಠಿಯದನ್ನು ನೀವೇ ನಿಲ್ಲಿಸಬೇಕು, ಯಾವಾಗ ಎಂದು ತಿಳಿಯಲು ಒಂದು ಗುರುತು ಬೇಕು.

ಆ ಗುರುತು ಕೊಡುವುದು ಪ್ಲಾಸ್ಟಿಕ್ ಬಾಟಲಿ. ಅಂಗಡಿಯಲ್ಲಿ ಸೋಡಾ ಅಥವಾ ಕೋಲಾ ತುಂಬಿ ಬರುವ ಬಾಟಲಿಯನ್ನೇ ತೆಗೆದುಕೊಳ್ಳಿ. ತಳದಲ್ಲಿ ಐದು ಉಬ್ಬುಗಾಲುಗಳಿರುತ್ತವಲ್ಲ, ಅದು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ತುಂಬುವಾಗ ಮೇಲೆ ಎರಡು ಬೆರಳು ಜಾಗ ಬಿಡಿ. ಮುಚ್ಚುವ ಮುಂಚೆ ಬಾಟಲಿಯನ್ನು ಮೆಲ್ಲಗೆ ಹಿಂಡಿ ಒಳಗಿನ ಗಾಳಿ ಹೊರಡಿಸಿ, ಹಿಂಡಿದ ಹಾಗೆಯೇ ಮುಚ್ಚಳ ತಿರುಗಿಸಿ. ಪಕ್ಕೆ ಒಳಕ್ಕೆ ತಗ್ಗಿದಂತಿರುತ್ತದೆ. ಗ್ಯಾಸ್ ಹುಟ್ಟತೊಡಗಿದಂತೆ ಆ ತಗ್ಗು ತಾನೇ ಮೇಲೆದ್ದು ಬರುತ್ತದೆ, ಆಮೇಲೆ ಬಾಟಲಿ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಅಂಗಡಿಯಿಂದ ತಂದ, ಇನ್ನೂ ತೆರೆಯದ ಸೋಡಾ ಬಾಟಲಿಯಷ್ಟೇ ಗಟ್ಟಿಯಾಗಿದ್ದರೆ ಆ ಗಳಿಗೆಯಲ್ಲೇ ಎಲ್ಲವನ್ನೂ ಫ್ರಿಜ್ಜಿಗೆ ಹಾಕಿ. ರಾತ್ರಿ ಹನ್ನೊಂದಾಗಿದ್ದರೂ ಸರಿ, ‘ಬೆಳಿಗ್ಗೆ ನೋಡಿದರಾಯಿತು’ ಎನ್ನಬೇಡಿ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಒತ್ತಿ ನೋಡುವುದು ಒಳ್ಳೆಯದು. ಗಾಜಿನ ಬಾಟಲಿಯ ಅಂದವೇ ಬೇಕು ಎನ್ನುವವರೂ ಜೊತೆಗೆ ಇಂಥ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ತುಂಬಿಟ್ಟು ಅದನ್ನು ನೋಡಿ ತೀರ್ಮಾನಿಸುತ್ತಾರೆ. ನೀವು ಸದ್ಯಕ್ಕೆ ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲೇ ತುಂಬಿ ಎಂಬುದು ನನ್ನ ಸಲಹೆ.

ಫ್ರಿಜ್ಜಿಗೆ ಹಾಕಿದ ಕೂಡಲೇ ತೆರೆಯಬೇಡಿ, ಎರಡು ದಿನ ತಡೆಯಿರಿ. ದ್ರವ ತಣ್ಣಗಾದಷ್ಟೂ ಹೆಚ್ಚು ಗ್ಯಾಸ್ ಕರಗಿಸಿಕೊಳ್ಳುತ್ತದೆ. ಮೇಲಿನ ಖಾಲಿ ಜಾಗದಲ್ಲಿ ಒತ್ತಿಕೊಂಡಿದ್ದ ಗ್ಯಾಸ್ ಒಳಗಿಳಿಯಲು ಸಮಯ ಬೇಕು. ಬಿಸಿಯಲ್ಲಿದ್ದ ಬಾಟಲಿಯನ್ನು ನೇರವಾಗಿ ತೆರೆದದ್ದಕ್ಕೇ ನಿಮ್ಮದು ಅಷ್ಟೊಂದು ಉಕ್ಕಿದ್ದು. ತಣ್ಣಗೆ ಮಾಡಿ ತೆರೆದಿದ್ದರೆ ಅರ್ಧದಷ್ಟು ನೆಲಕ್ಕೆ ಹೋಗುತ್ತಿರಲಿಲ್ಲ. ತಂಪಿನಲ್ಲಿ ಯೀಸ್ಟ್ ತೂಕಡಿಸುತ್ತದೆಯೇ ಹೊರತು ಸಾಯುವುದಿಲ್ಲ. ಒಂದು ವಾರದೊಳಗೆ ಕುಡಿದು ಮುಗಿಸಿ. ನಿಮ್ಮ ಕಡೆ ಕರೆಂಟು ಹೋದರೆ ದೀರ್ಘಕಾಲ ಬರುವುದಿಲ್ಲ ಎಂದಾದರೆ ಆ ದಿನ ಬಾಟಲಿಗಳನ್ನು ಮತ್ತೆ ಒತ್ತಿ ನೋಡಬೇಕು, ತೀರ ಗಟ್ಟಿಯಾಗಿದ್ದರೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು.

ಒಂದೇ ಪಾತ್ರೆಯಿಂದ ತುಂಬಿದ ಬಾಟಲಿಗಳಲ್ಲಿ ಒಂದು ಸಿಡಿದು ಇನ್ನೊಂದು ಸಪ್ಪೆಯಾದದ್ದೇಕೆ? ಸಪ್ಪೆಯಾದದ್ದರ ಮುಚ್ಚಳ ಸೋರಿದೆ ಎಂದು ನನ್ನ ಅನುಮಾನ. ಹಳೆಯ ತಗಡಿನ ಮುಚ್ಚಳದ ಒಳಗಿನ ಪದರ ಒಮ್ಮೆ ನಲುಗಿದರೆ ನೀರನ್ನು ತಡೆಯುತ್ತದೆ, ಗ್ಯಾಸನ್ನು ತಡೆಯುವುದಿಲ್ಲ. ಅದರ ರುಚಿ ನೋಡಿದ್ದರೆ ತಿಳಿಯುತ್ತಿತ್ತು: ಸಿಹಿ ಕಡಿಮೆಯಾಗಿ ಹುಳಿ ಬಂದಿದ್ದರೆ ಹುದುಗಿದೆ, ಗ್ಯಾಸ್ ಸೋರಿಹೋಗಿದೆ. ಹಾಕಿದಷ್ಟೇ ಸಿಹಿ ಇದ್ದರೆ ಹೆಪ್ಪು ಅದರೊಳಗೆ ಸರಿಯಾಗಿ ಸೇರಿಲ್ಲ. ಸಿಡಿದದ್ದರ ವಿಚಾರಕ್ಕೆ ಬಂದರೆ, ಯೀಸ್ಟೂ ಕರಗದ ಸಕ್ಕರೆಯೂ ಪಾತ್ರೆಯ ತಳಕ್ಕೆ ಇಳಿದಿರುತ್ತವೆ, ಕಲಕದೆ ತುಂಬಿದರೆ ಕೊನೆಯ ಬಾಟಲಿಗಳಿಗೆ ಎರಡೂ ಹೆಚ್ಚಾಗಿ ಹೋಗುತ್ತವೆ. ಹೆಪ್ಪನ್ನು ಬಟ್ಟೆಯಲ್ಲಿ ಸೋಸಿ, ಆರಿದ ಕಷಾಯಕ್ಕೆ ಹಾಕಿ, ಸೌಟಿನಿಂದ ತಳ ಮುಟ್ಟಿ ಕಲಕಿ. ತುಂಬುವಾಗಲೂ ಎರಡು ಬಾಟಲಿಗೊಮ್ಮೆ ಕಲಕಿ. ಶುಂಠಿಯ ತುರಿ ಬಾಟಲಿಯೊಳಗೆ ಬೀಳದಿರಲಿ, ತೆರೆದಾಗ ಪ್ರತಿ ನಾರಿನ ಸುತ್ತ ಗುಳ್ಳೆ ಎದ್ದು ಉಕ್ಕಿಸುತ್ತದೆ.

ಸಕ್ಕರೆಯನ್ನು 60 ಗ್ರಾಮಿಗೆ ಇಳಿಸಬಹುದು. ಅದರಿಂದ ಅಪಾಯ ಪೂರ್ತಿ ಹೋಗುವುದಿಲ್ಲ. 60 ಗ್ರಾಂ ಕೂಡ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚೇ. ಆದರೂ ಕುಡಿಯಲು ಹಿತವಾಗಿರುತ್ತದೆ. ಒಂದೆರಡು ನಿಂಬೆಯ ರಸ ಸೇರಿಸಿದರೆ ರುಚಿಗೂ ಆಯಿತು, ಹುಳಿಯಿಂದಾಗಿ ಬೇಡದ ಸೂಕ್ಷ್ಮಜೀವಿಗಳಿಗೂ ತಡೆಯಾಯಿತು.

ಹೆಪ್ಪಿಗೆ ಸಿಪ್ಪೆ ಸಮೇತ ಹಸಿ ಶುಂಠಿಯೇ ಬೇಕು, ಬೇಕಾದ ಯೀಸ್ಟ್ ಇರುವುದೇ ಆ ಸಿಪ್ಪೆಯ ಮೇಲೆ. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸುವ ಊರಾದರೆ ಕುದಿಸಿ ಆರಿಸಿ ಬಳಸಿ. ಯೀಸ್ಟ್ ಜೊತೆಗೆ ಮೊಸರಿನಲ್ಲಿರುವಂಥ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಈ ಹೆಪ್ಪಿನಲ್ಲಿ ಸೇರಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಮನೆಯಿಂದ ಮನೆಗೆ ಹಂಚಿಕೊಳ್ಳುತ್ತಿದ್ದ ಶುಂಠಿ ಬಿಯರಿನ ಹೆಪ್ಪನ್ನು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ ಪರೀಕ್ಷಿಸಿ, ಯೀಸ್ಟೂ ಬ್ಯಾಕ್ಟೀರಿಯಾವೂ ಒಂದಕ್ಕೊಂದು ಆಸರೆಯಾಗಿ ಬಾಳುತ್ತವೆ ಎಂದು 1892ರಲ್ಲಿಯೇ ತೋರಿಸಿದ್ದರು. ನಿಮ್ಮ ಪಾನೀಯ ದಿನ ಕಳೆದಂತೆ ಹುಳಿಯಾಗುವುದು ಈ ಬ್ಯಾಕ್ಟೀರಿಯಾಗಳಿಂದ. ಬಿಯರನ್ನು ಇಟ್ಟಷ್ಟು ದಿನ ಇದನ್ನೂ ಇಟ್ಟರೆ ರುಚಿಯೂ ಕೆಡುತ್ತದೆ.

ರೇಷ್ಮೆ ಮನೆ ಎಂದಿರಿ. ಹಾಗಾದರೆ ತಾಪಮಾನ ನೋಡುವ ಸಲಕರಣೆ ಹುಳು ಮನೆಯ ಗೋಡೆಯ ಮೇಲೆ ಈಗಾಗಲೇ ತೂಗುತ್ತಿರಬೇಕು. ಗೂಡು ಕಟ್ಟಲು ಹಣ್ಣಾಗುವ ಮುನ್ನ ಹುಳುವಿಗೆ ನೀವು ಕಾಪಾಡುವ 24-25 ಡಿಗ್ರಿ ಈ ಹೆಪ್ಪಿಗೂ ಹಿತ. ಹಾಗೆಂದು ಬಾಟಲಿ, ಹೆಪ್ಪು ಯಾವುದನ್ನೂ ಹುಳು ಮನೆಯೊಳಗೆ ಇಡಬೇಡಿ. ಅಲ್ಲಿ ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿಯನ್ನೋ ಫಾರ್ಮಲಿನ್ನನ್ನೋ ಹೊಡೆಯುತ್ತೀರಿ. ಬರೀ ಬಟ್ಟೆ ಕಟ್ಟಿದ ಹೆಪ್ಪು ಅದನ್ನು ತಾಳುವುದಿಲ್ಲ, ಆ ಜಾಗದಲ್ಲಿಟ್ಟದ್ದನ್ನು ಮನುಷ್ಯರು ಕುಡಿಯಲೂ ಬಾರದು. ಬಿಸಿಲು ಬೀಳದ ನಡುಮನೆಯ ಮೂಲೆ ಸಾಕು, ಬಾಟಲಿಗಳನ್ನು ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ನಿಲ್ಲಿಸಿ. ಥರ್ಮಾಮೀಟರನ್ನು ಮಾತ್ರ ಎರವಲು ತನ್ನಿ.

ಗೋಲಿ ಸೋಡಾ ಬಾಟಲಿ ಆಗುವುದಿಲ್ಲ. ನನಗೂ ಅದರ ಮೇಲೆ ಪ್ರೀತಿಯಿದೆ, ಆದರೆ ಅದರ ಜಾಣತನ ನಿಮ್ಮ ಉಪಯೋಗಕ್ಕೆ ಬರುವಂಥದ್ದಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸದಲ್ಲಿ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುವುದು ಒಳಗಿನ ಗ್ಯಾಸೇ. ಯಂತ್ರದಲ್ಲಿ ಒತ್ತಡದಿಂದ ಸೋಡಾ ತುಂಬಿ, ಬಾಟಲಿಯನ್ನು ತಲೆಕೆಳಗು ಮಾಡಿದಾಗ ಗೋಲಿ ಬಂದು ಕೂರುತ್ತದೆ. ನಿಮ್ಮ ಬಾಟಲಿಯಲ್ಲಿ ಮೊದಲ ದಿನ ಒತ್ತಡವೇ ಇರುವುದಿಲ್ಲ, ಗೋಲಿ ಕೆಳಗೆ ಬಿದ್ದಿರುತ್ತದೆ, ಹುಟ್ಟಿದ ಗ್ಯಾಸೆಲ್ಲ ಹೊರಗೆ. ಸಾಲದ್ದಕ್ಕೆ ಹಳೆಯ ಗಾಜು, ಒಳಗೆಲ್ಲ ಗೀರು.

ಇನ್ನು ಅತ್ತೆಯವರ ಮಾತು. ಅವರು ಹೇಳಿದ್ದು ಬಹುಮಟ್ಟಿಗೆ ನಿಜ. ಈಚಲು ಮರದಿಂದ ಬೆಳಿಗ್ಗೆ ಇಳಿಸಿದ ಸಿಹಿ ನೀರಾ ಹೊತ್ತು ಏರಿದಂತೆ ಹೆಂಡವಾಗುವುದನ್ನು ನಿಮ್ಮ ಸೀಮೆಯ ಹಿರಿಯರು ಕಂಡವರು. ಯೀಸ್ಟ್ ಗ್ಯಾಸ್ ಬಿಡುವಾಗಲೆಲ್ಲ ಸರಿಸುಮಾರು ಅಷ್ಟೇ ತೂಕದ ಆಲ್ಕೋಹಾಲನ್ನೂ ಮಾಡುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಇಲ್ಲ. ಲೀಟರಿಗೆ 8 ಗ್ರಾಂ ಸಕ್ಕರೆ ಹುದುಗಿದರೆ ಶೇಕಡ 0.5ರಷ್ಟು ಆಲ್ಕೋಹಾಲು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಮದ್ಯ ಎಂದು ಎಣಿಸುವುದು ಶೇಕಡ 0.5ನ್ನು ಮೀರಿದ್ದನ್ನು. ಸರಿಯಾಗಿ ಗ್ಯಾಸ್ ತುಂಬಿದ ಶುಂಠಿ ಬಿಯರ್ ಆ ಗೆರೆಯ ಮೇಲೇ ನಿಂತಿರುತ್ತದೆ, ಸ್ವಲ್ಪ ತಡವಾದರೆ ದಾಟುತ್ತದೆ. ನಿಮ್ಮ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಶೇಕಡ 6ರ ಮೇಲೆ, ಅಂದರೆ ಅಂಗಡಿಯ ಸ್ಟ್ರಾಂಗ್ ಬಿಯರಿನ ಹತ್ತಿರ.

ಆದ್ದರಿಂದ ಮಕ್ಕಳಿಗೆ ಇದು ಬೇಡ. ಗರ್ಭಿಣಿಯರಿಗೂ ಬೇಡ. ಮಕ್ಕಳಿಗೆ ಶುಂಠಿಯ ಖಾರ, ಗುಳ್ಳೆಯ ಕಚಗುಳಿ ಎರಡೂ ಬೇಕಿದ್ದರೆ ಶುಂಠಿ ರಸ, ಬೆಲ್ಲ, ನಿಂಬೆ ಸೇರಿಸಿ ಪಾಕ ಮಾಡಿಟ್ಟುಕೊಳ್ಳಿ, ಕುಡಿಯುವಾಗ ಸೋಡಾ ಬೆರೆಸಿ ಕೊಡಿ. ಐದು ನಿಮಿಷದ ಕೆಲಸ, ಕಾಯುವುದೇ ಬೇಕಿಲ್ಲ. ಅಟ್ಟದಿಂದ ಇಳಿಸಿದ ಐದು ಬಾಟಲಿಗಳನ್ನು ಮಾತ್ರ ಯಾರಿಗೂ ಕೊಡದೆ ಬಚ್ಚಲಿಗೆ ಸುರಿಯಿರಿ. ಜೊತೆಯಲ್ಲಿದ್ದ ಬಾಟಲಿ ಸಿಡಿದಾಗ ಅವುಗಳಿಗೂ ಪೆಟ್ಟು ಬಿದ್ದಿರಬಹುದು, ಬಾಯಂಚಿನಲ್ಲಿ ಗಾಜಿನ ಚೂರು ಇರಬಹುದು.

ಕಿಟ್ಟಿನ ವಿಚಾರದಲ್ಲಿ ನನ್ನ ಉತ್ತರ ಬೇಡ ಎಂಬುದೇ. ನಿಮ್ಮ ತಮ್ಮ ಇರುವ ದೇಶದಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳುವುದು ಹವ್ಯಾಸ. ಬ್ರಿಟನ್ನಿನಲ್ಲಿ 1963ರಿಂದ ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಅಮೆರಿಕದ ಕೇಂದ್ರ ಸರ್ಕಾರ 1978ರ ಕಾನೂನಿನಲ್ಲಿ ದಾರಿ ಮಾಡಿಕೊಟ್ಟಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆಮಟ್ಟಿಗೆ ಎಂಬ ರಿಯಾಯಿತಿ ಬಿಯರಿಗೆ ಇಲ್ಲ. ಶುಂಠಿಯದನ್ನೂ ಬೇಗ ಫ್ರಿಜ್ಜಿಗೆ ಹಾಕಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಏನಾದರೂ ತರಲೇಬೇಕೆಂದು ಅವರು ಹಟ ಹಿಡಿದರೆ ಒಂದು ಹೈಡ್ರೋಮೀಟರ್ ಹೇಳಿ. ದ್ರವ ನೀರಿಗಿಂತ ಎಷ್ಟು ಪಾಲು ಭಾರ ಎಂದು ತೋರಿಸುವ ತೇಲುಕೊಳವೆ ಅದು, ಬಿಯರ್ ಮಾಡುವವರ ಬಳಿ ಅದು ಇದ್ದೇ ಇರುತ್ತದೆ. ಲೀಟರಿಗೆ 100 ಗ್ರಾಂ ಸಕ್ಕರೆಯ ನೀರಿನಲ್ಲಿ ಅದು 1.038ರ ಆಸುಪಾಸು ತೋರಿಸುತ್ತದೆ. ನಿಮ್ಮ ಬಾಟಲಿಗಳಲ್ಲಿ ಒಂದನ್ನು ತ್ಯಾಗ ಮಾಡಿ, ಲೋಟದಿಂದ ಲೋಟಕ್ಕೆ ಎತ್ತಿ ಹುಯ್ದು ಗ್ಯಾಸ್ ಪೂರ್ತಿ ಬಿಡಿಸಿ ಅಳೆಯಿರಿ. ಗ್ಯಾಸ್ ಉಳಿದಿದ್ದರೆ ಗುಳ್ಳೆಗಳು ಅದನ್ನು ಮೇಲಕ್ಕೆತ್ತಿ ತಪ್ಪು ಅಂಕಿ ತೋರಿಸುತ್ತವೆ. 1.035ಕ್ಕೆ ಇಳಿದಿದ್ದರೆ 8 ಗ್ರಾಂ ಖರ್ಚಾಗಿದೆ, ಉಳಿದವನ್ನು ಫ್ರಿಜ್ಜಿಗೆ ಸಾಗಿಸಿ. 1.030ಕ್ಕೆ ಬಂದುಬಿಟ್ಟಿದ್ದರೆ 20 ಗ್ರಾಂ ಹೋಗಿದೆ ಎಂದರ್ಥ: ಮೊದಲು ಬಾಟಲಿಗಳ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ರುಚಿ ನೋಡುವುದು ಆಮೇಲೆ.